ಅಕ್ಕನ ಮನೆಯ ಕೆಸರು

ಕಪಿಲೆಯ ನೆರೆ ಇಳಿದ ಮಾರನೆಯ ದಿನ, ಶಾಲೆಗೆ ರಜೆ ಹೇಳಿ ನಂಜನಗೂಡಿನಿಂದ ತಿ. ನರಸೀಪುರಕ್ಕೆ ಮೊದಲ ಬಸ್ಸು ಹತ್ತಿದೆ. ಅಕ್ಕನ ಮನೆ ಹೊಳೆ ದಂಡೆಯ ಮೇಲೆಯೇ ಇದೆ. ಭಾವ ತೀರಿಕೊಂಡ ಮೇಲೆ ಅಲ್ಲಿ ಅವಳೊಬ್ಬಳೇ.

ಅದು ಒಂದೇ ಮನೆಯಾಗಿದ್ದು ಆಮೇಲೆ ಪಾಲಾದದ್ದು. ಬೀದಿ ಕಡೆಯ ಭಾಗ ಭಾವನ ಚಿಕ್ಕಪ್ಪನ ಮಗನದು, ಅಂದರೆ ಅಕ್ಕನಿಗೆ ಮೈದುನ. ನಡುವಿನ ಅಂಗಳವೂ ಅವನದೇ. ಅಂಗಳದ ಆಚೆ, ಹೊಳೆ ಕಡೆಗೆ, ಅಕ್ಕನ ಎರಡು ಕೋಣೆ, ಒಂದು ಅಡುಗೆಮನೆ. ಅವಳು ಓಡಾಡುತ್ತಿದ್ದ ಪಕ್ಕದ ಓಣಿಯಲ್ಲಿ ನೆರೆಗೆ ಗೋಡೆ ಕುಸಿದು ದಾರಿ ಮುಚ್ಚಿಹೋಗಿತ್ತು. ಈಗ ಮೈದುನನ ನಡುಮನೆ ದಾಟಿಯೇ ಒಳಗೆ ಹೋಗಬೇಕು, ಇಲ್ಲವೇ ಹೊಳೆ ಮೇಲೆ ಬರಬೇಕು.

ಅವನು ಬಾಗಿಲಲ್ಲೇ ಕಾದಿದ್ದ. "ಬನ್ನಿ ಮೇಡಮ್ಮೋರೇ, ಚಪ್ಲಿ ಯಾಕ್ ಬುಡ್ತೀರಿ, ಅಂಗೇ ಬನ್ನಿ. ಕಷ್ಟಕಾಲ್ದಾಗೆ ಮಡಿ ಏನ್ ಬಂತು?"

ನನಗೆ ಆಗಲೇ ಒಂದು ಥರಾ ಆಯಿತು. ಅಕ್ಕನ ಕೋಳಿ ಅಂಗಳಕ್ಕೆ ಕಾಲಿಟ್ಟರೂ ಬೀದಿ ಕೇಳುವಂತೆ ಕೂಗಾಡುವ ಮನುಷ್ಯ ಇವನು. ಹಿಂದಿನ ಭಾಗವನ್ನು ತನಗೇ ಮಾರಿಬಿಡು ಎಂದು ಭಾವನ ತಿಥಿಯ ದಿನದಿಂದ ಅಕ್ಕನ ಹಿಂದೆ ಬಿದ್ದವನು.

ಒಳಗೆ ಮೊಣಕಾಲುದ್ದ ಕೆಸರು. ಮಣ್ಣಿನ ಗೋಡೆಗಳು ಸೊಂಟದ ಮಟ್ಟದವರೆಗೂ ನೀರು ಕುಡಿದು ಕಪ್ಪಾಗಿದ್ದವು. ಬುಡಕ್ಕೆ ಇನ್ನೊಂದು ಸಲ ನೀರು ನಿಂತರೆ ಗೋಡೆ ಕೂರುತ್ತದೆ, ಗೋಡೆ ಕೂತರೆ ಅಕ್ಕ ಅಲ್ಲಿಂದ ಏಳಬೇಕು. ಅದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಹಿತ್ತಿಲಿಗೆ ಕೆಸರು ಸುರಿಯೋಣವೆಂದರೆ ದಂಡೆ ಬಾಯಿ ಬಿಟ್ಟಿತ್ತು, ಭಾರ ತಡೆಯುವಂತಿರಲಿಲ್ಲ.

"ಬೀದಿಗಂಟ ಯಾಕ್ ಕೆಸ್ರು ಒರ್ತೀರಿ ಅತ್ಗೆಮ್ಮ, ನಮ್ಮ ಅಂಗಳ ತಗ್ಗೈತೆ, ಅಲ್ಲೇ ಸುರೀರಿ" ಎಂದ ಮೈದುನ. ಕೂಲಿಗೆ ಇಬ್ಬರನ್ನು ತಾನೇ ಕರೆಸಿದ್ದ.

ಅಕ್ಕನ ಕಣ್ಣು ತುಂಬಿತು. "ನೋಡಿದ್ಯಾ, ಎಷ್ಟಾದ್ರೂ ನಮ್ಮೋರು ನಮ್ಮೋರೇ."

"ಒಂದೇ ರಾತ್ರೀಲಿ ಇಷ್ಟು ಒಳ್ಳೆಯವನು ಹೇಗಾದ?"

"ನೀನು ಡಿಗ್ರಿ ಮಾಡಿದ್ದೇ ಮಾಡಿದ್ದು, ಉಣ್ಣಾಕಿಕ್ಕಿದ್ರೂ ಮೂಸಿ ನೋಡ್ತೀಯ."

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ನಮ್ಮೂರು ದೇವನೂರಿನಲ್ಲಿ ಬೆಳಿಗ್ಗೆ ಡೈರಿಗೆ ಹಾಲು ಹಾಕಿ, ಬಸ್ಸಿನ ಬಾಗಿಲಲ್ಲಿ ನೇತಾಡಿಕೊಂಡು ಹೋಗಿ ಓದಿದವಳು. ಆ ಹೆಮ್ಮೆ ನನಗಿದೆ, ಮುಚ್ಚಿಡುವುದಿಲ್ಲ. ಆದರೆ ಮೂಸಿ ನೋಡುವುದನ್ನು ಕಲಿಸಿದ್ದು ಕಾಲೇಜಲ್ಲ, ನಾಲೆ ನೀರು. ನಮ್ಮ ಸರದಿಯ ದಿನ ಅಪ್ಪ ಎಲೆ ಅಡಿಕೆ ಹಾಕಿಕೊಳ್ಳಲು ಅತ್ತ ತಿರುಗಿದರೆ ಸಾಕು, ಮೇಲಿನ ಗದ್ದೆಯವನು ಕಾಲಲ್ಲೇ ಒಂದು ಹೆಂಟೆ ಮಣ್ಣು ನೂಕಿ ನೀರನ್ನು ತನ್ನ ಕಡೆಗೆ ತಿರುಗಿಸಿಕೊಂಡಿರುತ್ತಿದ್ದ. ಕೇಳಿದರೆ ನಗುತ್ತಿದ್ದ.

ಹಾಗಾಗಿ ಸನಿಕೆ ಹಿಡಿದು ಕೆಸರು ತುಂಬುತ್ತಲೇ ಅಂಗಳದ ಮೇಲೆ ಒಂದು ಕಣ್ಣಿಟ್ಟಿದ್ದೆ. ಬಾಂಡ್ಲಿ ಬಾಂಡ್ಲಿ ಕೆಸರು ಹೋಗುತ್ತಿತ್ತು. ಮೈದುನ ಜಗಲಿಯ ಮೇಲೆ ಕೂತು, "ಆ ಮೂಲೆಗ್ ಆಕ್ರಲಾ, ಆ ಮೂಲೆಗೆ" ಎನ್ನುತ್ತಿದ್ದ. ಆ ಮೂಲೆಯಲ್ಲಿ ಮೋರಿಯ ಬಾಯಿ ಇದೆ. ಅವನ ಸೂರಿನ ಮಳೆನೀರೆಲ್ಲ ಅಂಗಳಕ್ಕೆ ಬಿದ್ದು, ಅಲ್ಲಿಂದಲೇ ಹೊರಗೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಆ ಮೂಲೆ ಎತ್ತರವಾಗಿತ್ತು. ಅಕ್ಕನ ಹೊಸ್ತಿಲ ಮುಂದೆ ಮಾತ್ರ ಒಂದು ಬಾಂಡ್ಲಿಯೂ ಬಿದ್ದಿರಲಿಲ್ಲ.

ಅಕ್ಕನಿಗೆ ಹೇಳಿದೆ. "ಸುಮ್ಕಿರೇ, ಅವನ ಮನೇಲಿ ನಿಂತ್ಕೊಂಡು ಅವನ ಮೇಲೇ ಏಳ್ತೀಯ" ಎಂದು ಗದರಿದಳು.

ನಾನು ಬಿಂದಿಗೆಯಲ್ಲಿ ನೀರು ತುಂಬಿಕೊಂಡು ಅಂಗಳದ ನಡುವೆ ಹೋಗಿ ನಿಂತು, ಕಾಲು ತೊಳೆಯುವವಳ ಹಾಗೆ ಪೂರ್ತಿ ಸುರಿದೆ. ನೀರು ಮೋರಿಯ ಕಡೆ ತಿರುಗಿಯೂ ನೋಡಲಿಲ್ಲ. ನೆಟ್ಟಗೆ ಹೋಗಿ ಅಕ್ಕನ ಹೊಸ್ತಿಲಿಗೆ ತಾಗಿ ನಿಂತಿತು. ಅಕ್ಕ ಅಲ್ಲೇ ಬಾಗಿಲಲ್ಲಿದ್ದಳು. ಕಾಲು ಹಿಂದಕ್ಕೆ ಎಳೆದುಕೊಂಡಳು.

"ಓದಿದೋರು ಕಾಲ್ ತೊಳ್ಯಕ್ಕೂ ಲೆಕ್ಕ ಆಕ್ತಾರಪ್ಪಾ" ಎಂದು ಮೈದುನ ನಕ್ಕ. ಗದ್ದೆಯವನ ನಗುವೇ ಅದು. "ಕೂಲಿಯೋರು ಎಂಗ್ ಸುರುದ್ರೋ, ನಂಗೇನ್ ಗೊತ್ತು?"

ಅಕ್ಕ ಜಗಳವಾಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈಯಿಂದ ಸನಿಕೆ ಕಿತ್ತುಕೊಂಡು ಮೋರಿ ಮೂಲೆಗೆ ನಡೆದಳು.

"ಇದು ನಮ್ಮನೆ ಕೆಸ್ರು ಕಣಪ್ಪ. ನಂಗೇ ಬೇಕು. ನಮ್ಮ ಬಾಗಿಲ ಮುಂದ್ಕೆ ಕಟ್ಟೆ ಆಕೊತೀನಿ."

"ಕೆಸ್ರಿಗೂ ಪಾಲು ಕೇಳ್ತೀರಾ ಅತ್ಗೆಮ್ಮ?"

"ಪಾಲಲ್ಲ, ಪೂರ್ತಿ."

ಕೂಲಿಯವರಿಬ್ಬರೂ ಅವನ ಮುಖ ನೋಡಿದರು, ಆಮೇಲೆ ಅಕ್ಕನ ಮುಖ ನೋಡಿ ಬಾಂಡ್ಲಿ ಎತ್ತಿಕೊಂಡರು. ಸಂಜೆಯೊಳಗೆ ಮೋರಿಯ ಬಾಯಿ ತೆರೆಯಿತು. ಅಕ್ಕನ ಹೊಸ್ತಿಲ ಮುಂದೆ, ಅವಳ ಪಾಲಿನ ಸೂರಿನ ಕೆಳಗೇ, ಗೇಣೆತ್ತರದ ಕಟ್ಟೆ ಎದ್ದಿತು. ಅದಕ್ಕೆ ಒಡೆದ ಹೆಂಚಿನ ಚೂರು ಒತ್ತಿ ಗಟ್ಟಿ ಮಾಡಿದೆವು.

ಬೆಳಗಾದರೆ ನಡುಮನೆ ಬಾಗಿಲಿಗೆ ಅಗುಳಿ ಬಿದ್ದಿತ್ತು. ತಟ್ಟಿದೆ. "ಮನೇಲಿ ಪೂಜೆ ಐತೆ. ಮೈಲಿಗೆ ಕಾಲ್ನಾಗೆ ಓಡಾಡ್ಬೇಡಿ" ಎಂದು ಒಳಗಿನಿಂದಲೇ ಮೈದುನನ ಉತ್ತರ ಬಂತು. ನಿನ್ನೆ ಇರದ ಮಡಿ ಒಂದೇ ರಾತ್ರಿಯಲ್ಲಿ ಬಂದಿತ್ತು.

ನೆನೆದ ಹಾಸಿಗೆ, ಹುಳಿ ವಾಸನೆ ಹಿಡಿದ ರಾಗಿ ಮೂಟೆ, ಉಬ್ಬಿದ ಮರದ ಬೀರು ಎಲ್ಲ ಇನ್ನೂ ಒಳಗೇ ಇದ್ದವು. ಹಿತ್ತಿಲ ಮೂಲೆಯ ಕಲ್ಲುಮೆಟ್ಟಿಲಲ್ಲಿ ನಿಂತು, ಹೊಳೆಯಲ್ಲಿ ಬಲೆ ನೋಡುತ್ತಿದ್ದ ಹರಿಗೋಲಿನವನನ್ನು ಕೂಗಿದೆ. ಅವನು ಮರುಮಾತಿಲ್ಲದೆ ಬಂದ. ಇವನು ಯಾಕೆ ಇಷ್ಟು ಬೇಗ ಒಪ್ಪಿದ ಎಂದು ಅವನ ಮೇಲೂ ನನಗೆ ಅನುಮಾನವೇ. ಆದರೆ ಸಾಮಾನೆಲ್ಲ ಸ್ನಾನಘಟ್ಟದ ಹತ್ತಿರ ನಿಂತಿದ್ದ ಕಸದ ಟ್ರಾಕ್ಟರಿಗೆ ಸರಿಯಾಗಿ ತಲುಪಿತು. ಕೊನೆಯ ಸಲ ನಾನೂ ಅದೇ ಹರಿಗೋಲಿನಲ್ಲಿ ಬಂದೆ.

ಓಣಿಯ ಮಣ್ಣು ತೆಗೆಸಿ ದಾರಿಯಾದ ಮೇಲೆ ಒಂದು ಸಂಜೆ ಜೋರು ಮಳೆ. ಕರೆಂಟು ಬಂದ ಕೂಡಲೇ ಅಕ್ಕ ಫೋನು ಮಾಡಿದಳು.

"ನೀರು ಮೋರಿಗೇ ಓಯ್ತು ಕಣೇ. ಒಂದನಿ ಒಳೀಕೆ ಬರ್ಲಿಲ್ಲ. ಗೋಡೆ ಮುಟ್ಟಿ ನೋಡ್ದೆ, ಒಣಗೈತೆ."

"ಅವನು?"

"ಜಗಲಿ ಮೇಲೆ ನಿಂತು ನೋಡ್ತಿದ್ದ. ಆಮೇಲೆ ಒಬ್ಬಟ್ಟು ಕಳ್ಸವ್ನೆ." ಧ್ವನಿ ತಗ್ಗಿಸಿ ಕೇಳಿದಳು: "ಯಾಕ್ ಕಳ್ಸವ್ನೆ ಅಂತೀಯ? ಇನ್ನೂ ತಟ್ಟೇಲೇ ಮಡ್ಗಿವ್ನಿ."