ಗುರುಪಾದಯ್ಯನ ಒಪ್ಪತ್ತು

ಡಾಕ್ಟರು ಮೈ ಇಳಿಸಲು ಹೇಳಿದಂದಿನಿಂದ ಆದೋನಿಯ ಹತ್ತಿ ವ್ಯಾಪಾರಿ ಗುರುಪಾದಯ್ಯ ದಿನವೂ ಒಪ್ಪತ್ತು ಹಿಡಿದ. ಬಿಟ್ಟ ಊಟದ ಸೇಡನ್ನೆಲ್ಲ ಉಳಿದ ಊಟದ ಮೇಲೆ ತೀರಿಸಿಕೊಂಡು, ರೊಟ್ಟಿಬುಟ್ಟಿಯ ತಳ ಕಂಡ ಮೇಲೆಯೇ ಏಳುತ್ತಿದ್ದ. ಆಮೇಲೆ ಹತ್ತಿ ತೂಗುವ ಕಾಟಾದ ಮೇಲೆ ನಿಂತು, “ಇದರಾಗ ಏನೋ ಮೋಸ ಐತಿ” ಎಂದು ಅದನ್ನೇ ಬೈಯುತ್ತಿದ್ದ. “ಎರಡೂ ಹೊತ್ತು ಉಣ್ರಿ, ಎರಡೆರಡ ರೊಟ್ಟಿ ಉಣ್ರಿ, ತಾನ ಇಳೀತೈತಿ” ಎನ್ನುತ್ತಿದ್ದಳು ಹೆಂಡತಿ ಮಹಾಂತಮ್ಮ. ಆಕೆ ಉಣ್ಣುತ್ತಿದ್ದುದು ಗಂಡ ಎದ್ದ ಮೇಲೆ, ಅದೇ ಬುಟ್ಟಿಯಲ್ಲಿ ಉಳಿದದ್ದನ್ನು. ಒಪ್ಪತ್ತು ಅವನದು, ಸೊರಗಿದ್ದು ಆಕೆ. ಆಕೆ ತೀರಿಕೊಂಡು ವರ್ಷವಾಯಿತು. ಈಗ ಅವನು ಎರಡೇ ರೊಟ್ಟಿ ಉಂಡು ಏಳುತ್ತಾನೆ, ಮೈಯೂ ಇಳಿದಿದೆ. ಅಡಿಗೆಯ ಉರುಕುಂದಮ್ಮ “ಬುಟ್ಟಿಯಾಗ ಇನ್ನೆರಡು ಅದಾವಲ್ರಿ?” ಎಂದರೆ, “ಹಿಂದ ಉಣ್ಣೋರಿಗೆ ಇರ್ಲಿ ಬಿಡವ್ವ” ಎನ್ನುತ್ತಾನೆ.