ಐದು ನಿಮಿಷ ಮುಂದಿನ ಪಂಪಣ್ಣ

ಕೊಪ್ಪಳ ಜಿಲ್ಲೆಯಾದ ಹೊಸತರಲ್ಲಿ, ಅಂದರೆ ತೊಂಬತ್ತೇಳರ ಆಸುಪಾಸಿನಲ್ಲಿ, ಪಂಪಣ್ಣ ಬಸ್ ನಿಲ್ದಾಣದ ಹತ್ತಿರ ಗಡಿಯಾರ ರಿಪೇರಿಯ ಡಬ್ಬಿ ಅಂಗಡಿ ಇಟ್ಟ. ಒಬ್ಬ ಮನುಷ್ಯ ಮೊಣಕಾಲು ಮಡಚಿ ಕೂತರೆ ಇನ್ನೊಬ್ಬನ ನೆರಳಿಗೂ ಜಾಗವಿಲ್ಲದಷ್ಟು ಅಂಗಡಿ ಅದು. ಆದರೆ ಊರಿಗೆ ಹೊಸ ಆಫೀಸುಗಳು ಬಂದಿದ್ದವು, ಆಫೀಸುಗಳ ಜೊತೆ ಗುಮಾಸ್ತರು ಬಂದಿದ್ದರು, ಗುಮಾಸ್ತರ ಕೈಗೆ ಗಡಿಯಾರಗಳಿದ್ದವು. ಹಾಗಾಗಿ ಪಂಪಣ್ಣನ ಮನೆಯಲ್ಲಿ ಒಲೆ ಆರಲಿಲ್ಲ.

ಅವನಿಗೊಂದು ರೂಢಿ. ಯಾರ ಗಡಿಯಾರವೇ ಇರಲಿ, ರಿಪೇರಿ ಮುಗಿಸಿ ಕೊಡುವಾಗ ಐದು ನಿಮಿಷ ಮುಂದಿಟ್ಟೇ ಕೊಡುತ್ತಿದ್ದ. ಯಾಕಪ್ಪಾ ಎಂದರೆ, “ಬಸ್ಸು ನಮ್ಮನ್ನ ಕಾಯಾಂಗಿಲ್ರಿ, ನಾವ ಬಸ್ಸಿನ್ನ ಕಾಯಬೇಕು. ಇರ್ಲಿ, ನನ್ನ ಕಡಿಂದ ಐದು ನಿಮಿಷ” ಎಂದು ನಗುತ್ತಿದ್ದ. ಕುಷ್ಟಗಿ ಬಸ್ಸು, ಯಲಬುರ್ಗಾ ಬಸ್ಸು ಹಿಡಿಯುವ ಮಾಸ್ತರರಿಗೆಲ್ಲ ಇದು ಭಾರಿ ಇಷ್ಟ. ಕಸುಬಿನ ದೃಷ್ಟಿಯಿಂದ ನೋಡಿದರೆ ಇದು ಶುದ್ಧ ತಪ್ಪೇ. ಸರಿ ಮಾಡಲು ಕೊಟ್ಟದ್ದನ್ನು ಪ್ರೀತಿಯಿಂದ ತಪ್ಪು ಮಾಡಿ ಕೊಡುವ ಮನುಷ್ಯನ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಮೊಬೈಲು ಬಂತು. ಜನ ಹೊತ್ತು ನೋಡಲು ಮಣಿಕಟ್ಟು ಬಿಟ್ಟು ಜೇಬಿಗೆ ಕೈ ಹಾಕತೊಡಗಿದರು. ಪಂಪಣ್ಣ ತಲೆ ಮೇಲೆ ಕೈ ಹೊತ್ತು ಕೂರುವ ಪೈಕಿಯಲ್ಲ. ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ರಿಪೇರಿ ಕಲಿತ. ಸಣ್ಣ ಸ್ಕ್ರೂ, ಸಣ್ಣ ಕಣ್ಣು, ಗಟ್ಟಿ ತಾಳ್ಮೆ, ಮೂರೂ ಮೊದಲೇ ಇದ್ದವು. ಕಡೆಗೆ ಭಾಗ್ಯನಗರದ ಕೂದಲ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ. ಊರೂರು ತಿರುಗಿ ಪಾತ್ರೆ ಕೊಟ್ಟು ಕೊಂಡ ಕೂದಲು ಅಲ್ಲಿಗೆ ಬರುತ್ತಿತ್ತು. ಹೆಂಗಸರು ಅದರ ಸಿಕ್ಕು ಬಿಡಿಸಿ, ಉದ್ದ ನೋಡಿ ಬೇರೆ ಮಾಡಿ, ಕಟ್ಟು ಕಟ್ಟುತ್ತಿದ್ದರು.

ಎರಡು ಸಾವಿರದ ಹದಿನಾಲ್ಕರಲ್ಲಿ ಆ ಕಾರ್ಖಾನೆಯ ಮೂಲೆಯ ಕೋಣೆಯಲ್ಲಿ ಎರಡು ದೊಡ್ಡ ಯಂತ್ರಗಳಿದ್ದವು. ಒಂದೊಂದು ಯಂತ್ರದ ಹೊಟ್ಟೆಯಲ್ಲಿ ಹಲವು ವರ್ಚುವಲ್ ಮಷಿನ್ನುಗಳು, ಅಂದರೆ ಕಣ್ಣಿಗೆ ಕಾಣದ, ಆದರೆ ತಾವೇ ಒಂದೊಂದು ಕಂಪ್ಯೂಟರ್ ಎಂದುಕೊಂಡು ದುಡಿಯುವ ಕಂಪ್ಯೂಟರುಗಳು. ಒಂದು ಲೆಕ್ಕಪತ್ರದ್ದು, ಒಂದು ದಾಸ್ತಾನಿನದು, ಮತ್ತೊಂದು ಹಾಜರಿಯದು. ಪಂಪಣ್ಣ ಅವನ್ನು ‘ಬೀಗರು’ ಎಂದೇ ಕರೆಯುತ್ತಿದ್ದ. ಒಂದು ಯಂತ್ರಕ್ಕೆ ಜಡ್ಡಾದರೆ ಬೀಗರನ್ನು ನಡೆಯುತ್ತಿರುವ ಕೆಲಸ ನಿಲ್ಲಿಸದೆ ಇನ್ನೊಂದಕ್ಕೆ ಸಾಗಿಸಬಹುದಿತ್ತು. ನಿದ್ದೆ ಹೋದ ಕೂಸನ್ನು ಹಾಸಿಗೆಯಿಂದ ಹಾಸಿಗೆಗೆ ಎತ್ತಿಡುವಂತೆ ಅವನು ಆ ಕೆಲಸ ಮಾಡುತ್ತಿದ್ದ. ಸಾಗುವಾಗ ಬೀಗರಿಗೆ ರೆಪ್ಪೆ ಬಡಿಯುವಷ್ಟು ಹೊತ್ತು ಎಚ್ಚರ ತಪ್ಪುತ್ತದೆ. ಎಚ್ಚರಾದ ಕೂಡಲೇ ಮೊದಲು ಮಾಡುವುದು, ಹೋದ ಮನೆಯ ಗಡಿಯಾರ ನೋಡಿ ತಮ್ಮದನ್ನು ಹೊಂದಿಸಿಕೊಳ್ಳುವುದು.

ಆ ಬೇಸಿಗೆಯಲ್ಲಿ ಮೊದಲನೆಯ ಯಂತ್ರದ ಫ್ಯಾನು ಕಿರುಗುಟ್ಟತೊಡಗಿತು. ಪಂಪಣ್ಣ ಬೀಗರನ್ನೆಲ್ಲ ಎರಡನೆಯದಕ್ಕೆ ಸಾಗಿಸಿದ. ಯಾರಿಗೂ ಗೊತ್ತೇ ಆಗಲಿಲ್ಲ. ಅವನು ಸಂತೋಷಕ್ಕೆ ಒಂದು ಚಹಾ ಹೆಚ್ಚಿಗೆ ಕುಡಿದ.

ಅದಾದ ವಾರಕ್ಕೆ ಮ್ಯಾನೇಜರ್ ದಾದೇಸಾಬ ಅವನನ್ನು ಕೂದಲು ಬಿಡಿಸುವ ಹಾಲಿಗೆ ಕರೆಸಿದ. ಹೆಂಗಸರೆಲ್ಲ ಕೆಲಸ ಬಿಟ್ಟು ನೋಡುತ್ತಿದ್ದರು. ನಡುವೆ ಮಂಗಳೂರಿನ ದುರಗಮ್ಮ ನಿಂತಿದ್ದಳು. ನಮ್ಮ ಯಲಬುರ್ಗಾ ಸೀಮೆಯ ಮಂಗಳೂರು, ಸಮುದ್ರದ್ದಲ್ಲ. ಆ ತಿಂಗಳು ಅವಳ ಕೆಲಸ ಕಾಯಂ ಆಗುವುದಿತ್ತು. ಆದರೆ ಒಂದೇ ತಿಂಗಳಲ್ಲಿ ಮೂರು ಸಲ ತಡವಾದವರ ಹೆಸರನ್ನು ಕಾಯಂ ಪಟ್ಟಿಯಿಂದ ಬಿಡಬೇಕೆಂಬುದು ಅಲ್ಲಿನ ನಿಯಮ. ಎಂದೂ ತಡ ಮಾಡದ ದುರಗಮ್ಮನಿಗೆ ಒಂದೇ ವಾರದಲ್ಲಿ ಮೂರು ತಡ ಬಿದ್ದಿತ್ತು.

“ಬಸ್ಸು ತಡಾ ಆಗಿಲ್ರಿ ಅಣ್ಣಾರ, ನಾ ಇಳದು ಓಡೂದೂ ಬಿಟ್ಟಿಲ್ಲ. ದಿನಾ ಬಂದಂಗ ಬಂದೇನಿ. ನಿಮ್ಮ ಮಿಷನ್ ಏನರ ತಪ್ಪೇತೇನು ನೋಡ್ರಿ” ಎಂದಳು.

ಉಳಿದವರೆಲ್ಲ ಭಾಗ್ಯನಗರದವರೇ, ಸಾಕಷ್ಟು ಮೊದಲೇ ಬಂದು ಹೆಬ್ಬೆಟ್ಟು ಒತ್ತಿ ಕೂರುವವರು. ಅವರ್ಯಾರಿಗೂ ತಡ ಬಿದ್ದಿರಲಿಲ್ಲ. ಬಾಗಿಲ ಬಳಿಯ ಹೆಬ್ಬೆಟ್ಟಿನ ಡಬ್ಬಿಗೆ ಮುಖವೂ ಇಲ್ಲ, ಮುಳ್ಳೂ ಇಲ್ಲ. ಅದು ಹಸಿರು ದೀಪ ಹಚ್ಚಿ ಸುಮ್ಮನಾಗುತ್ತಿತ್ತು, ಹೊತ್ತು ಬರೆದುಕೊಳ್ಳುವುದು ಒಳಗಿನ ಬೀಗರ ಕೆಲಸ. ಪಂಪಣ್ಣ ಒಳಹೋಗಿ ಪರದೆ ನೋಡಿದ, ಗೋಡೆ ಗಡಿಯಾರ ನೋಡಿದ. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು. ಗೋಡೆಯದಕ್ಕೆ ಹೊತ್ತು ಇಟ್ಟವನೂ ತಾನೇ ಎಂಬುದು ಆ ಗಳಿಗೆಯಲ್ಲಿ ಅವನ ತಲೆಗೆ ಹೊಳೆಯಲೇ ಇಲ್ಲ.

ಹೊರಬಂದು ಎಲ್ಲರ ಮುಂದೆ ಹೇಳಿದ, “ಮಿಷನ್ ಸುಳ್ಳು ಹೇಳಾಂಗಿಲ್ಲ ದುರಗಮ್ಮ. ಸುಳ್ಳು ಏನಿದ್ರೂ ಮನಷ್ಯಾರ ಕಡೇನ.”

ಯಾರೋ ಮುಸಿಮುಸಿ ನಕ್ಕರು. ದುರಗಮ್ಮ ಸೆರಗು ಸರಿಮಾಡಿಕೊಂಡು ತನ್ನ ಜಾಗಕ್ಕೆ ಹೋಗಿ ಕೂತಳು. ಮರುದಿನದಿಂದ ಅವಳು ನಸುಕಿನ ಬಸ್ಸಿಗೆ ಬರತೊಡಗಿದಳು. ಬಾಗಿಲು ತೆಗೆಯುವ ಮೊದಲೇ ಗೇಟಿನ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಬುದ್ಧಿ ಬಂತು ನೋಡು ಎಂದುಕೊಂಡ ಪಂಪಣ್ಣ. ಆ ಮಾತಿಗೆ ಅವನ ಕಿವಿ ಹಿಂಡಬೇಕೆನಿಸುತ್ತದೆ.

ಆದರೆ ಕಿವಿ ಹಿಂಡುವವಳು ಮನೆಯಲ್ಲೇ ಇದ್ದಳು. ಒಂದು ಸಂಜೆ ಹೆಂಡತಿ ಯಮನೂರಮ್ಮ ರೊಟ್ಟಿ ಬಡಿಯುತ್ತಿದ್ದಳು. ರೇಡಿಯೋದಲ್ಲಿ ವಾರ್ತೆ ಶುರುವಾಗುವ ಪೀಂ ಪೀಂ ಬಂತು. ಅವಳು ತಲೆ ಎತ್ತಿ ಗೋಡೆ ಗಡಿಯಾರ ನೋಡಿದಳು, ಅದು ಐದು ನಿಮಿಷ ಮುಂದಿತ್ತು. “ನೀವು ಕೈ ಹಚ್ಚಿದ ಗಡಿಯಾರ ಒಂದರ ಖರೇ ಹೇಳ್ತಾವೇನ್ರಿ? ಆಯುಷ್ಯ ಪೂರಾ ರೇಡಿಯೋ ಕೇಳಿ ಅಡಗಿ ಮಾಡೇನಿ, ನಿಮ್ಮನ್ನ ನಂಬಿ ಅಲ್ಲ” ಎಂದು ನಕ್ಕಳು.

ಪಂಪಣ್ಣನೂ ನಗಲು ಹೋದ. ಚಟ್ನಿ ಹಚ್ಚಿದ ತುತ್ತನ್ನು ತಾಟಿಗೇ ಮರಳಿ ಇಟ್ಟ. ಕೈ ಹಚ್ಚಿದ ಗಡಿಯಾರ! ಆ ಎರಡನೆಯ ಯಂತ್ರಕ್ಕೆ ಕೈ ಹಚ್ಚಿದವರು ಯಾರು? ಅದರೊಳಗಿನ ಗುಂಡಿಯಂಥ ಸೆಲ್ಲು ಸತ್ತಾಗ ಹೊಸದು ಹಾಕಿದವನು ಅವನೇ. ಮೊದಲನೆಯ ಯಂತ್ರ ಇಂಟರ್ನೆಟ್ಟಿನಿಂದ ತಾನೇ ಹೊತ್ತು ತರಿಸಿಕೊಳ್ಳುತ್ತಿತ್ತು. ಇದಕ್ಕೂ ಹಾಗೇ ಮಾಡಬೇಕು, ನಾಳೆ ಮಾಡಿದರಾಯಿತು ಎಂದು, ಸದ್ಯಕ್ಕೆ ತನ್ನ ಕೈಗಡಿಯಾರ ನೋಡಿ ಹೊತ್ತು ಇಟ್ಟಿದ್ದ. ಅವನ ಕೈಗಡಿಯಾರವೂ ಐದು ನಿಮಿಷ ಮುಂದೆ ಎಂಬುದು ಊರಿಗೇ ಗೊತ್ತು. ಆ ನಾಳೆ ಬಂದೇ ಇರಲಿಲ್ಲ.

“ಯಾಕ್ರಿ, ಚಟ್ನಿ ಖಾರ ಆತೇನು?” ಎಂದು ಯಮನೂರಮ್ಮ ನೀರು ಮುಂದಿಟ್ಟಳು.

“ಇಲ್ಲ, ನನ್ನ ಬಾಯೀನ ಖಾರ ಆಗೇತಿ. ಅಕೀನ್ನ ಎಲ್ಲಾರ ಮುಂದ ಸುಳ್ಳಿ ಮಾಡಿಬಿಟ್ಟೆ ನೋಡು” ಎಂದ ಪಂಪಣ್ಣ. ಯಾರನ್ನು, ಏನು ಎಂದು ಕೇಳಿ ತಿಳಿದ ಮೇಲೆ ಅವಳೂ ನಗಲಿಲ್ಲ. “ಹೇಳಿ ಬರ್ರಿ. ಹೇಳಿದ್ರ ಯಾರೂ ಸಾಯಂಗಿಲ್ಲ” ಎಂದಳು.

ಬೆಳಿಗ್ಗೆ ಹೋಗಿ ನೋಡಿದರೆ ಅನುಮಾನ ನಿಜವೇ. ಯಂತ್ರ ಐದು ನಿಮಿಷ ಮುಂದೆ, ಅದರ ಮನೆಗೆ ಬಂದ ಬೀಗರೂ ಮುಂದೆ. ಮೊದಲು ಯಂತ್ರದ ಹೊತ್ತು ಸರಿ ಮಾಡಿದ. ಬೀಗರ ಗಡಿಯಾರವನ್ನು ಮಾತ್ರ ಹಿಂದಕ್ಕೆ ತಿರುಗಿಸಲಿಲ್ಲ. ತಿರುಗಿಸಿದರೆ ಒತ್ತಿ ಮುಗಿದ ಹೊತ್ತೇ ಮತ್ತೊಮ್ಮೆ ಬಂದು ಹಾಜರಿ ಕಲಸಿಹೋಗುತ್ತದೆ. ಬದಲಿಗೆ ಅವರನ್ನು ತುಸು ಹೊತ್ತು ಮಲಗಿಸಿ, ಲೋಕದ ಹೊತ್ತು ಅವರನ್ನು ದಾಟಿ ಮುಂದೆ ಹೋಗುವವರೆಗೆ ಕಾದು, ಆಮೇಲೆ ಎಬ್ಬಿಸಿದ. ಇನ್ನು ಯಾವ ಮನೆಗೆ ಹೋದರೂ ಆ ಮನೆಯ ಗಡಿಯಾರ ನೋಡದೆ ಇಂಟರ್ನೆಟ್ಟಿನ ಹೊತ್ತನ್ನೇ ಕೇಳುವಂತೆ ಮಾಡಿದ.

ದಾದೇಸಾಬ ಎಲ್ಲ ಕೇಳಿ ಗಡ್ಡ ನೀವಿಕೊಂಡ. ಅವನಿಗೂ ಪಂಪಣ್ಣನ ಮೇಲೆ ಜೀವ. “ಆತು ಬಿಡ್ರಿ ಪಂಪಣ್ಣಾರ. ಮೂರೂ ತಡಾ ತಗದು ಅಕೀ ಹೆಸರು ಈಗಿಂದೀಗ ಕಳಸ್ತೇನಿ, ಕಾಯಂ ಆಕ್ಕೈತಿ. ಕರೆಂಟ್ ಹೋಗಿತ್ತು, ಹಂಗಾಗಿ ಗಡಬಡಿ ಆಗೇತಿ ಅನ್ನೂಣು. ನಿಮ್ಮ ಹೆಸರು ಯಾಕ ಬೇಕು?”

“ಕರೆಂಟಿಗೆ ಯಾಕ ಸುಮ್ನ ಅಪವಾದ್ರಿ? ಹಾಲ್‌ನ್ಯಾಗ ನಿಂತು ಅಂದೇನಿ, ಹಾಲ್‌ನ್ಯಾಗ ನಿಂತ ಹೇಳ್ತೇನಿ” ಎಂದು ಪಂಪಣ್ಣ ನಡೆದೇಬಿಟ್ಟ. ನಡೆದದ್ದು ಧೈರ್ಯವಾಗಿಯೇ, ಬಾಗಿಲಲ್ಲಿ ಮಾತ್ರ ಒಮ್ಮೆ ನಿಂತು ಅಂಗಿ ಸರಿಮಾಡಿಕೊಂಡ.

ಹೆಂಗಸರು ಕೈ ನಿಲ್ಲಿಸಿದರು. “ದುರಗಮ್ಮ, ನೀ ಒಂದು ದಿನಾನೂ ತಡಾ ಬಂದಿಲ್ಲವ್ವಾ. ಹೊತ್ತು ತಪ್ಪಿಟ್ಟಾವ ನಾನು. ಮಿಷನ್ನಿಂದು ತಪ್ಪಿಲ್ಲ, ನಿಂದೂ ಇಲ್ಲ. ತಪ್ಪಾತು ನಂದು” ಎಂದ. ಕಾಯಂ ಆಗುವುದನ್ನೂ ಹೇಳಿದ. ಹೇಳಿ, ಬೈಗುಳಕ್ಕೆ ಬೆನ್ನು ಕೊಟ್ಟವನಂತೆ ನಿಂತ. ಅವಳು ಬಾಯಿ ತುಂಬ ಬೈಯಲಿ ಎಂದೇ ಅವನ ಆಸೆ. ಬೈದರೆ ಎದೆ ಹಗುರಾಗುತ್ತಿತ್ತು.

ದುರಗಮ್ಮ ಬೈಯಲಿಲ್ಲ. ಮಡಿಲಲ್ಲಿದ್ದ ಕೂದಲ ಕಟ್ಟನ್ನು ಬದಿಗಿಟ್ಟಳು.

“ಹಂಗಾರ ಅಣ್ಣಾರ, ನಾಳಿಂದ ನಾ ಮೊದಲು ಬರ್ತಿದ್ದ ಬಸ್ಸಿಗೇ ಬರಬಹುದೇನ್ರಿ? ನಸಿಕಿನ್ಯಾಗ ಬರುವಾಗ ಮಗಳು ಇನ್ನಾ ಮಕ್ಕೊಂಡಿರತಾಳ್ರಿ. ಅದರ ಜಡಿ ಹಾಕಿಲ್ಲ ಇಷ್ಟು ದಿನ. ತಲಿ ಕೆದರ್ಕೊಂಡ ಸಾಲಿಗೆ ಹೊಂಟೇತಿ.”

“ಬಾರವ್ವಾ, ಅದ ಬಸ್ಸಿಗೇ ಬಾ” ಎಂದ ಪಂಪಣ್ಣ. ಆಮೇಲೆ ಒಳಹೋಗಿ ಗೋಡೆ ಗಡಿಯಾರವನ್ನೂ ಐದು ನಿಮಿಷ ಹಿಂದಕ್ಕೆ ತಿರುಗಿಸಿದ.