ಹೊರಗೆ ಬರುವ ಬೆಲೆ

ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದು, ತಲೆಕೆಳಗು ಮಾಡಿ ನೋಡುತ್ತಿದ್ದರು ನನ್ನ ಸೋದರಮಾವ. ಆಗ ಅವರ ಎಡಗಣ್ಣು ಅರ್ಧ ಮುಚ್ಚಿಕೊಳ್ಳುತ್ತಿತ್ತು. ಅದು ಬಲಗಣ್ಣೇ ಇದ್ದೀತು, ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಇಳಕಲ್ಲಿನಲ್ಲಿ ಅವರದು ಸೀರೆ ವ್ಯಾಪಾರ. ನೇಕಾರ ತಂದ ಸೀರೆಯನ್ನು ಮೊದಲು ಹಿಂಬದಿ ತಿರುಗಿಸಿ ನೋಡುವ ರೂಢಿಯನ್ನೇ ಷೇರುಪೇಟೆಗೂ ತಂದಿದ್ದರು. ಬೆಲೆಯ ಏರಿಳಿತದ ಗೆರೆ ಕೊಳ್ಳು ಎಂದಂತೆ ಕಂಡರೆ ಸಾಕು, ಅದನ್ನು ತಲೆಕೆಳಗು ಮಾಡುವುದು. "ಹಂಗ ಹಿಡದಾಗೂ ತಗೋಬೇಕು ಅನ್ನಿಸಿತಂದ್ರ, ನೋಡಾಕತ್ತಿದ್ದು ಕಣ್ಣಲ್ಲ, ಆಸೆ," ಎನ್ನುತ್ತಿದ್ದರು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದಿದ್ದ ನನಗೆ ಇದು ಹಲ್ಲಿ ಶಕುನಕ್ಕಿಂತ ಹೆಚ್ಚಿನದೇನೂ ಅನಿಸುತ್ತಿರಲಿಲ್ಲ.

ಅಷ್ಟರಲ್ಲಿ ಶಾಲೆಯಿಂದ ನಿವೃತ್ತಳಾದ ಅವ್ವ, ತನಗೆ ಬಂದ ಹಣವನ್ನು ತಮ್ಮನ ಮಾತಿನ ಮೇಲೆ ಷೇರಿಗೆ ಹಾಕಲು ಹೊರಟಳು. ಅವಳ ಮುಂದಿನ ಬದುಕಿಗೆಂದು ಇದ್ದದ್ದು ಅದೊಂದೇ. ಮಾವನ ಕರಾರು ವಿಚಿತ್ರವಾಗಿತ್ತು. ಖಾತೆ, ಫೋನು ಎರಡೂ ಅವ್ವನವು. ಯಾವುದನ್ನು ಕೊಳ್ಳಬೇಕು, ಎಷ್ಟಕ್ಕಿಳಿದರೆ ಮಾರಬೇಕು ಎಂಬುದನ್ನು ಮಾವ ಮೊದಲೇ ಹೇಳುವುದು. ಮಾರುವುದು ಮಾತ್ರ ಅವ್ವ, ಯಾರನ್ನೂ ಕೇಳದೆ. ಈ ಪ್ರಾಮಾಣಿಕತೆಯ ಮೇಲೂ ನನಗೆ ಅನುಮಾನ. ಮೋಸ ಮಾಡುವವರು ವಿಶ್ವಾಸ ಗಳಿಸುವುದು ಹೀಗೆಯೇ ಅಲ್ಲವೇ?

ಮಾವನನ್ನು ಪರೀಕ್ಷಿಸಲು ಒಂದು ನಾಣ್ಯವನ್ನು ಮತ್ತೆ ಮತ್ತೆ ಚಿಮ್ಮಿದೆ. ಚೌಕಳಿ ಕಾಗದದಲ್ಲಿ, ತಲೆ ಬಿದ್ದರೆ ಒಂದು ಮನೆ ಮೇಲೆ, ಇಲ್ಲವಾದರೆ ಒಂದು ಮನೆ ಕೆಳಗೆ ಎಂದು ಗೆರೆ ಎಳೆದು, ಯಾವುದೋ ಕಂಪನಿಯ ಷೇರೆಂದು ಅವ್ವನ ಎದುರಿಗೇ ತೋರಿಸಿದೆ. ಮಾವ ಕಾಗದವನ್ನು ತಿರುತಿರುಗಿಸಿ ನೋಡಿದರು.

"ಎರಡು ಸಲ ಇದ ತಳಕ್ಕ ಬಿದ್ದು, ಎರಡು ಸಲಾನೂ ಎದ್ದೈತಿ. ತಗೋಬಹುದು. ಈ ತಳ ಒಡೀತಂದ್ರ ಮಾರಿ ಹೊರಗ ಬರಬೇಕು."

"ಮಾವಾ, ಇದು ಕಂಪನಿ ಅಲ್ಲ. ನಾಣ್ಯಾ ಚಿಮ್ಮಿ ಗೀಚಿದ್ದು!"

ಅವರ ಮುಖ ಇಳಿಯಿತು. ಆಮೇಲೆ ನಕ್ಕರು. "ಮಂಗ್ಯಾನ ಮಗನ! ನಾ ಮೋಸ ಹೋಗ್ತೇನಂತ ನನಗ ಗೊತ್ತಿಲ್ಲೇನು? ಅದಕ್ಕ ಹೊರಗ ಬರೋ ರೇಟು ಮೊದಲ ಹೇಳತೇನಿ."

ಗೆದ್ದವನು ನಾನು. ಆದರೆ ಅವ್ವ ಹಣ ಹಾಕಿದ್ದು ಮಾವನ ಮಾತಿಗೆ.

ಕೆಲವು ತಿಂಗಳಲ್ಲೇ ಅವಳ ಷೇರು ಜಾರತೊಡಗಿತು. ಮಾವ ಹುನಗುಂದದ ಮೇಲೆ ಬರುವ ಬಸ್ಸು ಹಿಡಿದು ನವನಗರದ ನಮ್ಮ ಮನೆಗೆ ಬಂದರು. ಅವರು ನೀರು ಕುಡಿಯುವಷ್ಟರಲ್ಲಿ, ಮಾರಲು ಹೇಳಿದ್ದ ಬೆಲೆ ಬಂದೇಬಿಟ್ಟಿತು.

"ಅಕ್ಕಾ, ಎರಡು ದಿನ ತಡಿ. ತಿರಗತೈತಿ."

"ಈ ರೇಟು ಹೇಳಿದ್ದು ಯಾರು?"

"ನಾನ. ಆದ್ರ ಅವತ್ತ ಗೊತ್ತಿರಲಿಲ್ಲ..."

"ಇವತ್ತ ಏನು ಗೊತ್ತಾತು?"

ಮಾವನ ಕೈಗಳೆರಡೂ ಮುಂದೆ ಬಂದವು. ಅವ್ವ ಮಾರಿದಳು. ಆ ಷೇರು ಮತ್ತೆ ಏಳಲೇ ಇಲ್ಲ. ಅವಳ ಹಣದ ಬಹುಪಾಲು ಉಳಿಯಿತು. ಉಳಿಸಿದ್ದು ಮಾವನ ಕರಾರೋ, ಅವ್ವನ ಹಟವೋ, ಬರೀ ಅದೃಷ್ಟವೋ? ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರಬಾರದೆಂದು ನಾನು ಓದಿದ ಶಾಸ್ತ್ರ ಹೇಳುತ್ತದೆ.

ಕಳೆದ ವರ್ಷ ಮಾವ ತೀರಿಕೊಂಡರು. ಮಣ್ಣು ಮುಗಿಸಿ ಬಂದು ಕೂತಾಗ, "ಪಾಪ, ನೀ ಷೇರು ಮಾರೋ ಮುಂದ ಮಾವ ನಿನಗ ಕೈ ಮುಗದಿದ್ದ," ಎಂದೆ ಅವ್ವನಿಗೆ. ನನ್ನ ಕಣ್ಣೆದುರು ಆ ಜೋಡಿಸಿದ ಕೈಗಳೇ ಇದ್ದವು.

"ಎಲ್ಲಿ ಕೈ ಮುಗದಾನ?" ಅವ್ವ ಅಳುತ್ತಲೇ ನಕ್ಕಳು. "ಫೋನ್ ಕಸ್ಕೊಳ್ಳಾಕ ಬಂದಿದ್ದ. ಸೆರಗಿನ್ಯಾಗ ಮುಚ್ಚಿಟ್ಕೊಂಡು ಮಾರಿದ್ನಿ."

ಗೆರೆಗಳಲ್ಲಿ ಕಾಣುವ ಆಕಾರಗಳನ್ನು ನಾನು ಇಂದಿಗೂ ನಂಬುವುದಿಲ್ಲ. ಆದರೆ ಈಚೆಗೆ ಮೊದಲ ಸಲ ಷೇರು ಕೊಳ್ಳುವಾಗ, ಮಾರಬೇಕಾದ ಬೆಲೆ ಹೇಳಿ ನನ್ನ ಫೋನನ್ನು ಅವ್ವನ ಕೈಗಿಟ್ಟೆ. ಅವಳು ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನೀನೂ ಕಸ್ಕೊಳ್ಳಾಕ ಬಂದ್ರ?"

"ಕೊಡಬ್ಯಾಡ," ಎಂದೆ.